ಊರು ಬಿಟ್ಟು ಓದಲು ಹೋದ ಮಕ್ಕಳನ್ನು ಯಾವ ಕೋಲಿನಿಂದ ಅಳೆಯೋಣ?

ನಮ್ಮ ಮಂಡ್ಯ ಸೀಮೆಯಲ್ಲಿ ಶಿವಾನುಭವ ಗೋಷ್ಠಿ ಮುಗಿದು ಪ್ರಸಾದಕ್ಕೆ ಕೂತಾಗ ಹಿರಿಯರ ಮಾತು ಈಚೆಗೆ ಒಂದೇ ಕಡೆ ಬಂದು ನಿಲ್ಲುತ್ತದೆ. 'ಮಕ್ಕಳು ಕೈತಪ್ಪಿ ಹೋಗ್ತಾ ಅವೆ ಕಣಪ್ಪ' ಎಂದು ಒಬ್ಬರು ಶುರು ಮಾಡಿದರೆ ಉಳಿದವರು ಸೇರಿಸುತ್ತಾ ಹೋಗುತ್ತಾರೆ. ಮಗ ರಜೆಗೆ ಬಂದರೂ ಕಿವಿಯಿಂದ ಹೆಡ್‌ಫೋನ್ ತೆಗೆಯುವುದಿಲ್ಲ. ಮೊಮ್ಮಗಳು ಮೈಸೂರಿನಲ್ಲಿ ಯಾವನೋ ಹುಡುಗನ ಎದುರು ಕೂತು ಕಾಫಿ ಕುಡಿಯುತ್ತಿದ್ದುದನ್ನು ಊರಿನವರು ಕಂಡರಂತೆ. ಮನೆಯ ಮುದ್ದೆ ಸೊಪ್ಪುಸಾರು ಬೇಡ, ಸಂಜೆಯಾದರೆ ಗಾಡಿಯ ಗೋಬಿ ಮಂಚೂರಿಯೇ ಆಗಬೇಕು. ಹಾಡು, ಗೆಳೆತನ, ತಿಂಡಿ: ಈ ಮೂರು ಸೇರಿದರೆ ಧರ್ಮ ಹೋಯಿತು ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಈ ಮಾತಿನ ಹಿಂದಿರುವ ಕಾಳಜಿಯನ್ನು ನಾನು ಅಲ್ಲಗಳೆಯುವುದಿಲ್ಲ. ಹೊಲ ಗದ್ದೆಯ ಆದಾಯದಲ್ಲಿ, ಸಾಲದಲ್ಲಿ, ಕಬ್ಬಿನ ಬಾಕಿ ಬರುವುದನ್ನು ಕಾಯುತ್ತಾ ಮಕ್ಕಳನ್ನು ಓದಿಸುವ ತಂದೆತಾಯಿಗೆ ಭಯ ಇದ್ದೇ ಇರುತ್ತದೆ. ಆದರೆ ನಾವು ಹಿಡಿದಿರುವ ಅಳತೆಗೋಲು ಯಾರದು? ಗುರು ಬಸವಣ್ಣನವರದೋ ಅಥವಾ ಊರಿನ ನಾಲ್ಕು ಜನರದೋ? ಈ ಲೇಖನದಲ್ಲಿ ನಾನು ಎತ್ತಬೇಕೆಂದಿರುವ ಪ್ರಶ್ನೆ ಇಷ್ಟೇ.

ಈ ಮಕ್ಕಳು ಯಾರು?

ಮಂಡ್ಯದಿಂದ ಬೆಂಗಳೂರು ಸುಮಾರು 100 ಕಿ.ಮೀ., ಮೈಸೂರು ಅದರ ಅರ್ಧಕ್ಕಿಂತ ಕಡಿಮೆ. ಮಂಡ್ಯ, ಮದ್ದೂರಿನ ಎಷ್ಟೋ ಮಕ್ಕಳು ತಿಂಗಳ ಪಾಸು ಮಾಡಿಸಿಕೊಂಡು ಬೆಳಗಿನ ರೈಲು ಹತ್ತಿ, ರಾತ್ರಿ ಮನೆ ಸೇರುತ್ತಾರೆ. ಮಳವಳ್ಳಿಗೆ ರೈಲೇ ಇಲ್ಲ. ಅಲ್ಲಿನ ಮಕ್ಕಳು ಬಸ್ಸನ್ನೇ ನಂಬಬೇಕು, ಇಲ್ಲವೇ ಪಿ.ಜಿ. ಹಿಡಿಯಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿನ ಕಾರಣಕ್ಕೆ ಹೆಣ್ಣುಮಕ್ಕಳ ಓದು ಪಿಯುಸಿಗೆ ನಿಲ್ಲಬೇಕಾದ ಅಗತ್ಯ ಇಲ್ಲವಾಗಿದೆ. ಇನ್ನು ಮಳವಳ್ಳಿ, ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಹಳ್ಳಿ ಮಕ್ಕಳಿಗೆ ಮಂಡ್ಯವೇ ಮೊದಲ ಪಟ್ಟಣ. 1962ರಲ್ಲಿ ಇಲ್ಲಿ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜು ಶುರುವಾದಾಗಿನಿಂದಲೂ ಇದು ಓದುವವರು ಬಂದು ಸೇರುವ ಊರು.

ಇವರ ದಿನಚರಿ ನಾವು ಕಲ್ಪಿಸಿಕೊಂಡಷ್ಟು ಮೋಜಿನದಲ್ಲ. ಒಂದು ಕೋಣೆಯಲ್ಲಿ ಮೂರು ನಾಲ್ಕು ಮಂಚ. ಪಿ.ಜಿ.ಯ ನೀರು ಸಾರು ಸೇರದಿದ್ದರೆ ಹೊರಗೆ ತಿನ್ನಬೇಕು, ಹೊರಗೆ ತಿನ್ನಲು ಕೈಯಲ್ಲಿ ಕಾಸು ಕಡಿಮೆ. ಆದ್ದರಿಂದಲೇ ದರ್ಶಿನಿಯ ನಿಂತು ತಿನ್ನುವ ಇಡ್ಲಿ, ಗಾಡಿಯ ಚಿತ್ರಾನ್ನ, ಇಂದಿರಾ ಕ್ಯಾಂಟೀನು. 2017ರ ಆಗಸ್ಟ್‌ನಲ್ಲಿ ಇಂದಿರಾ ಕ್ಯಾಂಟೀನು ಶುರುವಾದಾಗ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಎಂದಿತ್ತು. ಅಲ್ಲಿ ಕೂಲಿಯವರ ಜೊತೆ ಸಾಲಿನಲ್ಲಿ ಪುಸ್ತಕದ ಚೀಲ ಹೊತ್ತ ಮಕ್ಕಳೂ ನಿಂತಿದ್ದನ್ನು ನಾನು ನೋಡಿದ್ದೇನೆ. ಗದ್ದಲದ ಕೋಣೆಯಲ್ಲಿ ಏಕಾಂತ ಬೇಕೆಂದರೆ ಅವರಿಗಿರುವ ಬಾಗಿಲು ಒಂದೇ: ಹೆಡ್‌ಫೋನು.

ಏಳು ಶೀಲಗಳ ಪಟ್ಟಿಯಲ್ಲಿ ಏನಿದೆ?

ಗುರು ಬಸವಣ್ಣನವರು ಕೊಟ್ಟ ಸಪ್ತಶೀಲ ನಮ್ಮೆಲ್ಲರಿಗೂ ಬಾಯಿಪಾಠ. ಕಳವು, ಕೊಲೆ, ಸುಳ್ಳು, ಸಿಟ್ಟು, ಪರರನ್ನು ಕಂಡು ಅಸಹ್ಯಪಡುವುದು, ತನ್ನನ್ನು ತಾನು ಹೊಗಳಿಕೊಳ್ಳುವುದು, ಎದುರಿನವರನ್ನು ಹಳಿಯುವುದು. ಈ ಏಳನ್ನು ಬಿಟ್ಟರೆ ಒಳಗೂ ಶುದ್ಧಿ, ಹೊರಗೂ ಶುದ್ಧಿ. ಈ ಪಟ್ಟಿಯಲ್ಲಿ ಹಾಡಿಲ್ಲ, ತಿಂಡಿಯಿಲ್ಲ, ಗೆಳೆತನವಿಲ್ಲ. ಆದರೆ ಪರನಿಂದೆ ಇದೆ. ಯಾರದೋ ಮನೆಯ ಹುಡುಗಿ ಯಾರ ಜೊತೆ ಕೂತಿದ್ದಳು ಎಂದು ಪ್ರಸಾದದ ಪಂಕ್ತಿಯಲ್ಲಿ ಕೂತು ಆಡುವ ಮಾತು ಆ ಏಳರಲ್ಲಿ ಯಾವುದಕ್ಕೆ ಸೇರುತ್ತದೆ ಎಂಬುದನ್ನು ಓದುಗರೇ ಹೇಳಲಿ.

ಮಕ್ಕಳಿಗೆ ಎಲ್ಲವೂ ಸರಿ ಎಂದು ನಾನು ಹೇಳುತ್ತಿಲ್ಲ. ಬಿಡಿಸಬೇಕಾದದ್ದನ್ನು ಬಿಡಿಸಲೇಬೇಕು. ಇಳಕಲ್ಲಿನ ಲಿಂಗೈಕ್ಯ ಮಹಾಂತ ಸ್ವಾಮೀಜಿಯವರು 1975ರಲ್ಲಿ ಜೋಳಿಗೆ ಹಿಡಿದು ಹೊರಟು ಜನರಿಂದ ಕುಡಿತ, ತಂಬಾಕಿನಂಥ ದುಶ್ಚಟಗಳನ್ನು ಭಿಕ್ಷೆ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಇಂದು ಕಾಲೇಜಿನ ಸುತ್ತಮುತ್ತ ಗಾಂಜಾ ಇದೆ, ಗುಟ್ಕಾ ಇದೆ, ಮೊಬೈಲಿನ ಬೆಟ್ಟಿಂಗ್ ಇದೆ. ಮಹಾಂತ ಜೋಳಿಗೆಗೆ ಬೀಳಬೇಕಾದ್ದು ಇವು. ಹೆಡ್‌ಫೋನನ್ನೂ ಗೋಬಿಯನ್ನೂ ಅದೇ ಜೋಳಿಗೆಗೆ ತುರುಕಲು ಹೋದರೆ ಜೋಳಿಗೆಯ ಮೇಲೆ ಮಕ್ಕಳಿಗೆ ಇರುವ ಗೌರವವೇ ಹೋಗುತ್ತದೆ. ಎಲ್ಲದಕ್ಕೂ ಬೇಡ ಎನ್ನುವವರ 'ಬೇಡ'ಕ್ಕೆ ಬೆಲೆ ಉಳಿಯುವುದಿಲ್ಲ.

ಹಾಡು ನಮಗೆ ಹೊರಗಿನದಲ್ಲ

ಶರಣರಲ್ಲಿ ವಾದ್ಯವನ್ನೇ ಹೆಸರಾಗಿ ಇಟ್ಟುಕೊಂಡವರಿದ್ದಾರೆ. ಕಿನ್ನರಿ ನುಡಿಸುತ್ತಿದ್ದ ಕಿನ್ನರಿ ಬ್ರಹ್ಮಯ್ಯ, ಢಕ್ಕೆ ಬಾರಿಸುತ್ತಿದ್ದ ಢಕ್ಕೆಯ ಬೊಮ್ಮಣ್ಣ. ಸಕಲೇಶ ಮಾದರಸರು ವೀಣೆ ಬಲ್ಲವರು. ಕಲ್ಯಾಣದಲ್ಲಿ ಹಾಡು ಕಾಯಕವೂ ಆಗಿತ್ತು, ಸಾಧನೆಯೂ ಆಗಿತ್ತು.

ಹತ್ತಿರದ ಕಾಲಕ್ಕೆ ಬಂದರೆ, ಹಾನಗಲ್ಲ ಕುಮಾರ ಸ್ವಾಮೀಜಿಯವರು ಕಣ್ಣಿಲ್ಲದ ಬಾಲಕನೊಬ್ಬನಿಗೆ ಸಂಗೀತ ಕಲಿಸುವ ಏರ್ಪಾಡು ಮಾಡಿದರು. ಆ ಬಾಲಕನೇ ಪಂಚಾಕ್ಷರಿ ಗವಾಯಿಗಳು. ಅವರ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರು, ಬಡವರು ಜಾತಿಯ ಹಂಗಿಲ್ಲದೆ ಕಲಿತರು. ಪುಟ್ಟರಾಜ ಗವಾಯಿಗಳು, ಬಸವರಾಜ ರಾಜಗುರು ಆ ಗರಡಿಯವರು. ವಚನಗಳನ್ನು ಹಿಂದೂಸ್ತಾನಿ ರಾಗಗಳಲ್ಲಿ ಹಾಡಿ ನಾಡಿನಾಚೆಗೂ ಒಯ್ದ ಮಲ್ಲಿಕಾರ್ಜುನ ಮನಸೂರರು ಎಳೆಯ ವಯಸ್ಸಿನಲ್ಲಿ ಸೇರಿದ್ದು ನಾಟಕ ಕಂಪನಿಯನ್ನು. ಆ ಕಾಲದ ಹಿರಿಯರಿಗೆ ನಾಟಕ ಕಂಪನಿ ಎಂದರೆ ಹುಡುಗರು ಕೆಟ್ಟುಹೋಗುವ ಜಾಗ. ಅಂದಿನ ಮಾತನ್ನೇ ಕೇಳಿಕೊಂಡು ಕೂತಿದ್ದರೆ ನಮಗೆ ಮನಸೂರರು ಸಿಗುತ್ತಿರಲಿಲ್ಲ.

ನಮ್ಮ ಮಳವಳ್ಳಿ ತಾಲ್ಲೂಕಿನ ಬೊಪ್ಪಗೌಡನಪುರವನ್ನೇ ನೋಡಿ. ಅಲ್ಲಿ ಮಂಟೇಸ್ವಾಮಿಯ ಮಠವಿದೆ. ನೀಲಗಾರರು ತಂಬೂರಿ, ಗಗ್ಗರ ಹಿಡಿದು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಕಲ್ಯಾಣದ ಸಾಲು ಎಂಬ ದೊಡ್ಡ ಭಾಗವೇ ಇದೆ. ಕೊಳಕು ವೇಷದಲ್ಲಿ ಕಲ್ಯಾಣಕ್ಕೆ ಬಂದ ಮಂಟೇಸ್ವಾಮಿಯನ್ನು ಜಂಗಮರೆಂದು ಕರೆಸಿಕೊಳ್ಳುವವರೇ ಬಾಗಿಲಲ್ಲಿ ತಡೆಯುತ್ತಾರೆ. ಗುರುತಿಸಿ ಒಳಗೆ ಕರೆದುಕೊಳ್ಳುವವರು ಬಸವಣ್ಣ ಮತ್ತು ನೀಲಮ್ಮ. ಹೊರವೇಷ ನೋಡಿ ಬಾಗಿಲು ಹಾಕಬೇಡಿ ಎಂಬ ಪಾಠವನ್ನು ಈ ಸೀಮೆಯ ದಲಿತರು, ಹಿಂದುಳಿದವರು ಓದು ಬರಹದ ಹಂಗಿಲ್ಲದೆ ಹಾಡಿನಲ್ಲೇ ಉಳಿಸಿಕೊಂಡು ಬಂದರು. ಹರಿದ ಜೀನ್ಸ್ ತೊಟ್ಟು, ಗಿಟಾರ್ ಹೆಗಲಿಗೇರಿಸಿ ಬರುವ ಹುಡುಗನನ್ನು ಕಂಡು ಮುಖ ತಿರುಗಿಸುವ ನಾವು ಆ ಕಥೆಯಲ್ಲಿ ಯಾವ ಕಡೆ ನಿಂತಿದ್ದೇವೆ?

ಈರುಳ್ಳಿಯ ಪ್ರಸಂಗ

ತಿಂಡಿಯ ಮಾತಿಗೆ ಬರೋಣ. ಪಾಲ್ಕುರಿಕೆ ಸೋಮನಾಥನ ಬಸವಪುರಾಣದಲ್ಲಿ ಒಂದು ಪ್ರಸಂಗವಿದೆ. ಕಿನ್ನರಿ ಬ್ರಹ್ಮಯ್ಯನವರ ಅಡುಗೆಗೆ ಈರುಳ್ಳಿ ಬಂದಿತ್ತು. ಅದರ ವಾಸನೆಗೆ ಬಸವಣ್ಣನವರು ಹಗುರವಾಗಿ ಒಂದು ಮಾತಾಡಿಬಿಟ್ಟರು. ನೊಂದ ಬ್ರಹ್ಮಯ್ಯ ಎದ್ದು ಹೋದರು. ಆಗ ಬಸವಣ್ಣನವರು ಶಾಸ್ತ್ರ ತೆಗೆದು ವಾದಿಸಲಿಲ್ಲ. ಈರುಳ್ಳಿಗೇ ಉತ್ಸವ ಮಾಡಿಸಿ, ಮೆರೆಸಿ, ಆ ಶರಣರನ್ನು ಒಲಿಸಿ ಕರೆತಂದರು. ಒಬ್ಬ ಶರಣನ ಮನಸ್ಸಿಗಿಂತ ಊಟದ ಮಡಿ ದೊಡ್ಡದಲ್ಲ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಕಥೆ ಬೇರೆ ಬೇಕೆ?

ಈರುಳ್ಳಿ ಎಂದ ಕೂಡಲೇ ನಮಗೆ ಮದ್ದೂರು ವಡೆ ನೆನಪಾಗಬೇಕು. ಈರುಳ್ಳಿಯಿಲ್ಲದೆ ಅದು ಮದ್ದೂರು ವಡೆಯೇ ಅಲ್ಲ. ರೈಲು ನಿಲ್ದಾಣದಲ್ಲಿ ಹುಟ್ಟಿ ರೈಲಿನಲ್ಲೇ ಊರೂರು ಸುತ್ತಿದ ತಿಂಡಿ ಅದು. ಕರಿದವರು ಯಾರು, ಪೊಟ್ಟಣ ಕಟ್ಟಿದವರು ಯಾರು, ಪಕ್ಕದಲ್ಲಿ ಕೂತು ತಿನ್ನುತ್ತಿರುವವರು ಯಾರು ಎಂದು ಯಾರೂ ಕೇಳಲಿಲ್ಲ. ಹೋಟೆಲಿನ ಬೋರ್ಡಿನಲ್ಲೇ ಜಾತಿ ಬರೆದಿರುತ್ತಿದ್ದ ಕಾಲವನ್ನು ನನ್ನ ವಯಸ್ಸಿನವರು ಬಲ್ಲರು. ಲಿಂಗಾಯತ ಖಾನಾವಳಿ ಎಂಬ ಬೋರ್ಡು ಉತ್ತರ ಕರ್ನಾಟಕದಲ್ಲಿ ಇಂದಿಗೂ ಕಾಣುತ್ತದೆ. ನಾವು ವೇದಿಕೆಯ ಮೇಲೆ ಸಹಪಂಕ್ತಿ ಭೋಜನದ ಬಗ್ಗೆ ಭಾಷಣ ಮಾಡುತ್ತಿರುವಾಗ, ಕಾಲೇಜಿನ ಮಕ್ಕಳು ಗೋಬಿ ಗಾಡಿಯ ಮುಂದೆ ಒಂದೇ ತಟ್ಟೆಗೆ ನಾಲ್ಕು ಕಡ್ಡಿ ಚುಚ್ಚಿ ಅದನ್ನು ಮಾಡಿ ಮುಗಿಸಿದ್ದಾರೆ.

ಗೆಳೆಯ ಕೋಳಿ ತಿನ್ನುವಾಗ ನಮ್ಮ ಹುಡುಗ ಅದೇ ಮೇಜಿನಲ್ಲಿ ಮೊಸರನ್ನ ತಿಂದರೆ ಅವನ ಇಷ್ಟಲಿಂಗಕ್ಕೆ ಯಾವ ಕುಂದೂ ಇಲ್ಲ. ತನ್ನ ಆಹಾರ ನಿಯಮ ತನಗೆ, ಎದುರಿನವರ ತಟ್ಟೆ ಕಂಡು ಅಸಹ್ಯಪಡದಿರುವುದು ಶೀಲ. ಆತಂಕ ಪಡಲೇಬೇಕೆಂದರೆ ಬೇರೆ ವಿಷಯವಿದೆ. 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಬಣ್ಣ ಹಾಕಿದ್ದನ್ನು ತಿನ್ನಬೇಡ, ಮತ್ತೆ ಮತ್ತೆ ಕಾಯಿಸಿದ ಎಣ್ಣೆಯದು ಬೇಡ ಎಂದು ಹೇಳಿ. ಆರೋಗ್ಯದ ಮಾತನ್ನು ಮಕ್ಕಳು ಕೇಳುತ್ತಾರೆ. ಮಡಿಯ ಮಾತನ್ನು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಗೆಳೆತನಕ್ಕೆ ಕೋಡಿ ಬೇಕು

ಹಿರಿಯರನ್ನು ಹೆಚ್ಚು ಹೆದರಿಸುವುದು ಮೂರನೆಯದು. ಡೇಟಿಂಗ್ ಎಂಬ ಪದ ಕೇಳಿದರೇ ನಮ್ಮವರ ಮುಖ ಕಪ್ಪಿಡುತ್ತದೆ. ಮದುವೆಯ ಮಾತಿಲ್ಲದೆ ಒಂದು ಗಂಡು ಒಂದು ಹೆಣ್ಣು ಒಬ್ಬರನ್ನೊಬ್ಬರು ಅರಿಯಲು ಜೊತೆಗೆ ಹೊತ್ತು ಕಳೆಯುವುದು ಎಂದು ಅದನ್ನು ಸರಳವಾಗಿ ತಿಳಿಯೋಣ. ಅದರಲ್ಲಿ ಒಳ್ಳೆಯದೂ ಆಗಬಹುದು, ಮೋಸವೂ ಆಗಬಹುದು.

ನೀರಾವರಿಯ ಕೆಲಸ ಮಾಡಿದವನಾಗಿ ನನಗೆ ತೋಚುವ ಹೋಲಿಕೆ ಇದು. ಕೆರೆಗೆ ಏರಿ ಎಷ್ಟು ಮುಖ್ಯವೋ ಕೋಡಿಯೂ ಅಷ್ಟೇ ಮುಖ್ಯ. ಹೆಚ್ಚಾದ ನೀರು ಹರಿದುಹೋಗಲು ಕೋಡಿಯಿಲ್ಲದೆ ಏರಿಯನ್ನು ಮಾತ್ರ ಎತ್ತರಿಸುತ್ತಾ ಹೋದರೆ ಒಂದು ದೊಡ್ಡ ಮಳೆಗೆ ಏರಿಯೇ ಒಡೆಯುತ್ತದೆ. ನಮ್ಮ ಮನೆಗಳಲ್ಲಿ ಏರಿ ಇದೆ, ಕೋಡಿ ಇಲ್ಲ. ಹೇಳಿಕೊಳ್ಳಲು ದಾರಿಯಿಲ್ಲದ ಮಗಳು ಸುಳ್ಳು ಹೇಳುತ್ತಾಳೆ. ಸುಳ್ಳು ಒಂದಾದ ಮೇಲೆ ಹತ್ತಾಗುತ್ತದೆ. ಆ ಸುಳ್ಳನ್ನೇ ಹಿಡಿದು ಬೆದರಿಸುವವರು ಹುಟ್ಟಿಕೊಳ್ಳುತ್ತಾರೆ. 'ಫೋಟೋ ನಿಮ್ಮಪ್ಪನಿಗೆ ಕಳಿಸ್ತೀನಿ' ಎಂಬ ಬೆದರಿಕೆಗೆ ಬಲ ಬರುವುದು ಅಪ್ಪನ ಭಯದಿಂದಲೇ. ಅಪ್ಪನೇ ಮೊದಲ ಆಸರೆಯಾಗಿದ್ದರೆ ಆ ಬೆದರಿಕೆ ಯಾವುದಕ್ಕೂ ಬಾರದು.

ಒಂದು ಗೋಷ್ಠಿಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು ಎದ್ದು ನಿಂತು ಹೇಳಿದ ಮಾತು ನನ್ನ ಕಿವಿಯಲ್ಲೇ ಇದೆ: 'ತಾತ, ನಾನು ಏನು ತಿಂದೆ, ಯಾರ ಜೊತೆ ಕೂತಿದ್ದೆ ಅಂತ ಎಲ್ಲರೂ ಕೇಳ್ತೀರಿ. ಪಿ.ಜಿ.ಯಲ್ಲಿ ಯಾರಾದರೂ ತೊಂದರೆ ಕೊಡ್ತಾರಾ, ರಾತ್ರಿ ನಿದ್ದೆ ಬರುತ್ತಾ ಅಂತ ಒಬ್ಬರೂ ಕೇಳಲ್ಲ.' ಸಭೆಯಲ್ಲಿ ಯಾರೂ ಉತ್ತರ ಕೊಡಲಿಲ್ಲ.

ಮಕ್ಕಳಿಗೆ ತಿಳಿಸಲೇಬೇಕಾದ ಕೆಲವು ಸಂಗತಿಗಳಿವೆ. ಪಿಯುಸಿ ಓದುವವರಿಗೆ ಸಾಮಾನ್ಯವಾಗಿ 18 ತುಂಬಿರುವುದಿಲ್ಲ. 2012ರ ಪೋಕ್ಸೊ ಕಾಯ್ದೆಯ ಮುಂದೆ ಅಂಥವರ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಮಿತಿ ಮೀರಿದರೆ ಹುಡುಗನ ಬದುಕು ಜೈಲಿನ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ವಯಸ್ಸಾದ ಮೇಲೂ ಬೇಡ ಎಂದರೆ ಬೇಡ ಎಂದೇ ಅರ್ಥ, ಇದನ್ನು ಮಗಳಿಗಿಂತ ಮೊದಲು ಮಗನಿಗೆ ಕಲಿಸಬೇಕು. ಮೊಬೈಲಿನ ಮೋಸ, ಬೆದರಿಕೆಗೆ 1930 ಎಂಬ ಸಹಾಯವಾಣಿ ಇದೆ. ಮನಸ್ಸು ಕುಗ್ಗಿದಾಗ ಮಾತಾಡಲು ಟೆಲಿ ಮಾನಸ್‌ನ 14416 ಇದೆ. ಈ ಎರಡು ಸಂಖ್ಯೆಗಳನ್ನು ಪ್ರತಿ ವಿದ್ಯಾರ್ಥಿನಿಲಯದ ಗೋಡೆಯಲ್ಲಿ ಬಸವಣ್ಣನವರ ಭಾವಚಿತ್ರದ ಪಕ್ಕದಲ್ಲೇ ಬರೆಸಿದರೂ ತಪ್ಪಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಂತೂ ನಮಗೆ ಎರಡು ನಾಲಿಗೆ. ಅಕ್ಕಮಹಾದೇವಿ ಅರಸನ ಅರಮನೆಯನ್ನು ತೊರೆದು, ಊರು ಬಿಟ್ಟು, ಒಬ್ಬಳೇ ಕಲ್ಯಾಣಕ್ಕೆ ನಡೆದಳು ಎಂದು ಹೆಮ್ಮೆಯಿಂದ ಹೇಳುತ್ತೇವೆ. ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳ ಪ್ರಶ್ನೆಗಳಿಗೆ ಆಕೆ ಎದುರು ನಿಂತು ಉತ್ತರಿಸಿದಳು ಎಂದು ಮಕ್ಕಳಿಂದ ನಾಟಕ ಮಾಡಿಸುತ್ತೇವೆ. ಮನೆಯ ಮಗಳು ಸಂಜೆ ಏಳಕ್ಕೆ ಬಸ್ಸಿಳಿದರೆ ಮಾತ್ರ ಬೀದಿಯೆಲ್ಲಾ ಲೆಕ್ಕ ಕೇಳುತ್ತದೆ.

ನಿಜವಾದ ಪರೀಕ್ಷೆ ಮದುವೆಯಲ್ಲಿ

ಇಷ್ಟು ಹೊತ್ತು ಹೇಳಿದ್ದಕ್ಕೆ ಹಲವರು ತಲೆದೂಗಬಹುದು. ಮುಂದಿನ ಮಾತು ಕಷ್ಟದ್ದು. ಸಂಗೀತದ ಬಗ್ಗೆ, ತಿಂಡಿಯ ಬಗ್ಗೆ ನಮ್ಮ ಗೊಣಗಾಟದ ಅಡಿಯಲ್ಲಿ ಇರುವ ಭಯ ಒಂದೇ. ಮಗಳೋ ಮಗನೋ ಬೇರೆ ಜಾತಿಯವರನ್ನು ಮೆಚ್ಚಿಬಿಟ್ಟರೆ?

ಕಲ್ಯಾಣ ಹೊತ್ತಿ ಉರಿದದ್ದು ಇಂಥದೇ ಒಂದು ಮದುವೆಗೆ. ಸಮಗಾರ ಹರಳಯ್ಯನವರ ಮಗ ಶೀಲವಂತ, ಬ್ರಾಹ್ಮಣ ಮೂಲದ ಮಧುವರಸರ ಮಗಳು ಲಾವಣ್ಯ. ಆ ಸಂಬಂಧವನ್ನು ಶರಣರು ಒಪ್ಪಿ ನಡೆಸಿದರು. ಅದಕ್ಕೆ ಹರಳಯ್ಯ, ಮಧುವರಸರು ಎಳೆಹೂಟೆಯ ಶಿಕ್ಷೆಗೆ ಪ್ರಾಣ ಕೊಟ್ಟರು. ನಾವು ಆಚರಿಸುವ ಕಲ್ಯಾಣ ಕ್ರಾಂತಿ ಎಂದರೆ ಇದೇ. ಆ ಬಲಿದಾನಕ್ಕೆ ಹೂವೇರಿಸಿ ಬಂದು, ಮನೆಯಲ್ಲಿ 'ನಮ್ಮ ಪಂಗಡದವರೇ ಆಗಬೇಕು' ಎಂದರೆ ಹರಳಯ್ಯನವರಿಗೆ ನಾವು ಮಾಡುವ ಅವಮಾನ ಸಣ್ಣದಲ್ಲ.

ನಮ್ಮ ಜಿಲ್ಲೆಗೆ ಈ ವಿಷಯ ದೂರದ್ದಲ್ಲ. 2011ರಲ್ಲಿ ಮದ್ದೂರು ತಾಲ್ಲೂಕಿನ ಆಬಲವಾಡಿಯಲ್ಲಿ ಜಾತಿ ಮೀರಿ ಪ್ರೀತಿಸಿದ ಕಾರಣಕ್ಕೆ ಯುವತಿಯೊಬ್ಬಳು ಹತ್ಯೆಯಾದಳೆಂಬ ಪ್ರಕರಣ ನಾಡಿನಾದ್ಯಂತ ಸುದ್ದಿಯಾಯಿತು. ಅದು ಯಾವ ಜಾತಿಯ ಮನೆ ಎಂದು ಕೇಳಿ ಸಮಾಧಾನ ಪಟ್ಟುಕೊಳ್ಳುವ ಹಾಗಿಲ್ಲ. ಮರ್ಯಾದೆ ಎಂಬ ಪದದಲ್ಲಿ ಜಾತಿಯನ್ನು ಬಚ್ಚಿಟ್ಟ ಯಾವ ಮನೆಯಲ್ಲಾದರೂ ಅದು ಆಗಬಹುದು. 2018ರ ಮಾರ್ಚ್ 27ರಂದು ಶಕ್ತಿ ವಾಹಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿತು: ವಯಸ್ಕರಾದ ಇಬ್ಬರು ಒಬ್ಬರನ್ನೊಬ್ಬರು ಆರಿಸಿಕೊಂಡರೆ ಅದಕ್ಕೆ ಕುಟುಂಬದ, ಸಮುದಾಯದ, ಕುಲದ ಒಪ್ಪಿಗೆ ಅಗತ್ಯವಿಲ್ಲ. ಎಂಟು ಶತಮಾನಗಳ ಹಿಂದೆಯೇ ನಮ್ಮವರು ಪ್ರಾಣ ಕೊಟ್ಟು ಸಾರಿದ ಮಾತನ್ನು ನಾವು ನ್ಯಾಯಾಲಯದಿಂದ ಹೇಳಿಸಿಕೊಳ್ಳಬೇಕಾಯಿತು.

ಬೇರೆ ಜಾತಿಯ ಮಾತಿರಲಿ. ನಮ್ಮ ಸಮಾಜದ ವಧು-ವರರ ಸಮಾವೇಶಗಳ ಅರ್ಜಿಯನ್ನು ಒಮ್ಮೆ ತೆಗೆದು ನೋಡಿ. ಹೆಸರು, ಓದು, ಉದ್ಯೋಗದ ಕೆಳಗೆ ಒಳಪಂಗಡ ಎಂಬ ಕಾಲಂ ಇರುತ್ತದೆ. ಅದರ ಕೆಳಗೆ ನಕ್ಷತ್ರ, ರಾಶಿ. ಇಷ್ಟಲಿಂಗ ಧರಿಸಿದ ಮೇಲೆ ಹಿಂದಿನ ಕುಲ ಕಳೆಯಿತು ಎಂದು ದೀಕ್ಷೆಯಲ್ಲಿ ಹೇಳುವವರು ನಾವೇ, ಅರ್ಜಿಯಲ್ಲಿ ಅದೇ ಕುಲವನ್ನು ಕೇಳುವವರೂ ನಾವೇ. ಕಾಲೇಜಿನ ಮಕ್ಕಳು ಈ ಅರ್ಜಿ ನೋಡಿ ನಗುತ್ತಾರೆ. ಅವರು ನಗುವುದು ಧರ್ಮವನ್ನಲ್ಲ, ನಮ್ಮ ಇಬ್ಬಂದಿತನವನ್ನು.

ಏನು ಮಾಡಬಹುದು?

ದಾರಿ ನಮ್ಮ ಪರಂಪರೆಯಲ್ಲೇ ಇದೆ. ಗುಬ್ಬಿ ತೋಟದಪ್ಪನವರು ಊರಿನಿಂದ ಓದಲು ಬಂದವರಿಗೆ ನಗರದಲ್ಲಿ ಆಸರೆ ಬೇಕೆಂದು ಮನಗಂಡವರು. ಸಿದ್ಧಗಂಗೆಯ ಲಿಂಗೈಕ್ಯ ಶಿವಕುಮಾರ ಸ್ವಾಮೀಜಿಯವರು ಅನ್ನ, ಅಕ್ಷರ, ಆಶ್ರಯ ಎಂಬ ತ್ರಿವಿಧ ದಾಸೋಹವನ್ನು ಎಲ್ಲ ಜಾತಿಯ ಮಕ್ಕಳಿಗೂ ನಡೆಸಿದರು. 2019ರ ಆಗಸ್ಟ್‌ನಲ್ಲಿ ಸಾಣೇಹಳ್ಳಿಯ ಪಂಡಿತಾರಾಧ್ಯ ಸ್ವಾಮೀಜಿಯವರ ಮುಂದಾಳತ್ವದಲ್ಲಿ 'ಮತ್ತೆ ಕಲ್ಯಾಣ' ಅಭಿಯಾನ ಜಿಲ್ಲೆ ಜಿಲ್ಲೆಗೆ ಹೋದಾಗ ವಿದ್ಯಾರ್ಥಿಗಳ ಜೊತೆ ಸಂವಾದ ಅದರ ಮುಖ್ಯ ಭಾಗವಾಗಿತ್ತು. ಅವರು ಪ್ರಶ್ನೆ ಕೇಳಿದರು, ಸ್ವಾಮೀಜಿಗಳು ಉತ್ತರಿಸಿದರು. ಇವುಗಳ ಮುಂದಿನ ಹೆಜ್ಜೆಯಾಗಿ ಮಠಗಳ, ಬಸವಪರ ಸಂಘಟನೆಗಳ ಮುಂದೆ ನನ್ನ ಬಿನ್ನಹ ನಾಲ್ಕು.

ಒಂದು, ಮಂಡ್ಯ, ಮೈಸೂರು, ಬೆಂಗಳೂರಿನಲ್ಲಿ ತಿಂಗಳಿಗೊಂದು ಭಾನುವಾರ ಯುವ ಅನುಭವ ಗೋಷ್ಠಿ ನಡೆಯಲಿ. ವಿಷಯವನ್ನು ಮಕ್ಕಳೇ ಆರಿಸಲಿ, ಮಾತೂ ಅವರದೇ ಆಗಲಿ. ಹಿರಿಯರು ಕೇಳಿಸಿಕೊಳ್ಳಲಿ. ಪ್ರವಚನ ಬೇಡ.

ಎರಡು, ಅದೇ ದಿನ ಮಧ್ಯಾಹ್ನ ಪಿ.ಜಿ. ಮಕ್ಕಳಿಗೆ ದಾಸೋಹವಿರಲಿ. ಗೆಳೆಯರನ್ನು, ಗೆಳತಿಯರನ್ನು, ಅವರು ಯಾವ ಜಾತಿ ಧರ್ಮದವರೇ ಆಗಲಿ, ಕರೆದುಕೊಂಡು ಬನ್ನಿ ಎಂದು ಹೇಳಿ. ಕದ್ದು ಕಾಫಿ ಕುಡಿಯುವ ಮಕ್ಕಳು ನಮ್ಮ ಪಂಕ್ತಿಯಲ್ಲೇ ಕೂತರೆ ಯಾರಿಗೆ ನಷ್ಟ?

ಮೂರು, ಬಸವ ಜಯಂತಿಯ ವೇದಿಕೆಯಲ್ಲಿ ಭಾಷಣಗಳ ಸಂಖ್ಯೆ ಕಡಿಮೆ ಮಾಡಿ ಅರ್ಧ ಗಂಟೆ ಮಕ್ಕಳಿಗೆ ಕೊಡಿ. ಗಿಟಾರಿನಲ್ಲೇ ಆಗಲಿ, ರ‍್ಯಾಪ್‌ನಲ್ಲೇ ಆಗಲಿ, ವಚನಗಳನ್ನು ಅವರ ಲಯದಲ್ಲಿ ಹಾಡಲಿ. ಪಕ್ಕದಲ್ಲಿ ನೀಲಗಾರರ ತಂಬೂರಿಯೂ ಇರಲಿ.

ನಾಲ್ಕು, ಎಲ್ಲಕ್ಕಿಂತ ಮುಖ್ಯವಾದದ್ದು: ವಧು-ವರರ ಅರ್ಜಿಯಿಂದ ಒಳಪಂಗಡದ ಕಾಲಂ, ರಾಶಿ ನಕ್ಷತ್ರದ ಕಾಲಂ ಈ ವರ್ಷವೇ ಹೋಗಲಿ. ವಯಸ್ಕರಾದ, ಪರಸ್ಪರ ಒಪ್ಪಿದ ಯಾವ ಜೋಡಿಯೇ ಬಂದರೂ ಕಲ್ಯಾಣ ಮಹೋತ್ಸವ ನಡೆಸಿಕೊಡುತ್ತೇವೆ, ಬೇಕಾದರೆ 1954ರ ವಿಶೇಷ ವಿವಾಹ ಕಾಯ್ದೆಯಡಿ ನೋಂದಣಿಗೂ ನೆರವಾಗುತ್ತೇವೆ ಎಂದು ಮಠಗಳು ಬಹಿರಂಗವಾಗಿ ಹೇಳಲಿ. ಆ ಕಾಯ್ದೆಯಲ್ಲಿ ನೋಟಿಸಿನ ಮೇಲೆ 30 ದಿನ ಕಾಯಬೇಕು. ಆ 30 ದಿನ ಜೋಡಿಗೆ ಮಠದ ನೆರಳು ಸಿಕ್ಕರೆ ಅದಕ್ಕಿಂತ ದೊಡ್ಡ ಆಶ್ರಯ ದಾಸೋಹ ಬೇರಿಲ್ಲ.

2024ರ ಜನವರಿಯಲ್ಲಿ ಸರ್ಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಕಚೇರಿಗಳಲ್ಲಿ ಭಾವಚಿತ್ರ ಬಂತು, ನಾವು ಪಟಾಕಿ ಹೊಡೆದೆವು. ಭಾವಚಿತ್ರ ಗೋಡೆಗೆ ಏರುವುದು ಸುಲಭ. ನಾಳೆ ನಮ್ಮ ಮಗಳೋ ಮಗನೋ ಊರಿಗೆ ಬಂದು, 'ಅಪ್ಪಾಜಿ, ಒಬ್ಬರನ್ನು ಪರಿಚಯ ಮಾಡಿಸಬೇಕು' ಎಂದಾಗ ನಮ್ಮ ಬಾಯಿಂದ ಬರುವ ಮೊದಲ ಪ್ರಶ್ನೆ 'ಯಾವ ಜನ?' ಎಂದಾಗದೆ 'ಊಟ ಆಯ್ತಾ?' ಎಂದಾದರೆ, ಬಸವಣ್ಣನವರು ಮನೆಯೊಳಗೂ ಬಂದರು ಎಂದು ತಿಳಿಯೋಣ.